ಬೀರಲಿಂಗ ಮಾಸ್ತರರ ಮೇಜಿನ ಮೇಲಿನ ಕೊಳವೆ ತುಂಡು

ಮೋಟಾರು ವಾಹನ ದುರಸ್ತಿಯ ವಿದ್ಯೆಯನ್ನು ಎಣ್ಣೆಗಪ್ಪಿನ ಕೊಟ್ಟಿಗೆಯಿಂದ ಎಬ್ಬಿಸಿ ಕರಿಹಲಗೆಯ ಮುಂದೆ ಗೌರವದಿಂದ ಕೂರಿಸಿದವರು, ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಎಷ್ಟೋ ಮನೆಗಳಿಗೆ ಅನ್ನದ ದಾರಿ ತೋರಿದವರು ಶ್ರೀ ಬೀರಲಿಂಗ ಪಾಮನಕಲ್ಲೂರು ಅವರು. ಲಿಂಗಸುಗೂರಿನ ತರಬೇತಿ ಕೇಂದ್ರದ ಹಿರಿಯ ಬೋಧಕರಾಗಿ ಕಳೆದ ತಿಂಗಳು ನಿವೃತ್ತರಾದ ಅವರ ಕುರಿತು ಈ ಸಂಪುಟದಲ್ಲಿ ಶಿಷ್ಯರೂ ಸಹೋದ್ಯೋಗಿಗಳೂ ಮನದುಂಬಿ ಬರೆದಿದ್ದಾರೆ. ಅವರೆಲ್ಲರ ಮಾತೂ ನಿಜವೇ. ಆದರೆ ಹೊಗಳುವವನು ಒಂದಕ್ಕೆರಡು ಸೇರಿಸಿಯಾನು. ಹೊಟ್ಟೆ ಉರಿದುಕೊಂಡವನಿಗೆ ಆ ದರ್ದು ಇರುವುದಿಲ್ಲ. ಆದ್ದರಿಂದ ಈ ಲೇಖನ ಮಾಸ್ತರರನ್ನು ಕಂಡು ಜೀವಮಾನವಿಡೀ ಕರುಬಿದ ಅವರ ಗೆಳೆಯ, ಸಿಂಧನೂರಿನ ಗ್ಯಾರೇಜಿನ ಆದಪ್ಪನ ಬೆನ್ನು ಹಿಡಿದು ಸಾಗುತ್ತದೆ.

ಆದಪ್ಪನ ಬಗ್ಗೆ ಏಕವಚನವೇಕೆಂದು ಓದುಗರು ಹುಬ್ಬೇರಿಸಬಾರದು. ಅದು ಅವನೇ ಹಾಕಿದ ಷರತ್ತು. "ನನಗ ಅವರು, ಇವರು ಬ್ಯಾಡ್ರಿ. ಅವನ್ನೆಲ್ಲಾ ಬೀರಲಿಂಗಗ ಕೊಡ್ರಿ. ಎಲ್ಲಾ ಅವಗೇ ಹೋಗೋದು ಮೊದಲಿಂದ ರೂಢಿ ಐತಿ" ಎಂದ. ತನ್ನ ತಪ್ಪಿನ ಕಥೆಯನ್ನು ಅಚ್ಚು ಹಾಕಿಸಲು ಒಪ್ಪಿಗೆ ಕೊಟ್ಟವನೂ ಅವನೇ.

ಪಾಮನಕಲ್ಲೂರಿನ ಬೀರಲಿಂಗ ಅವರೂ ಮುಕ್ಕುಂದದ ಆದಪ್ಪನೂ ಕೈ ಕಪ್ಪು ಮಾಡಿಕೊಂಡದ್ದು ಒಂದೇ ಕಡೆ, ಮಸ್ಕಿಯ ದಾದೇಸಾಬ ಉಸ್ತಾದರ ಗ್ಯಾರೇಜಿನಲ್ಲಿ. ಉಸ್ತಾದರು ಬಾಯಿ ಬಿಟ್ಟು ಭೇಷ್ ಎನ್ನುವ ಪೈಕಿಯವರಲ್ಲ. ಹಾಗಿದ್ದವರು ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಕಾಲ ಬಂದಾಗ, ತಾವು ಜೀವಮಾನವೆಲ್ಲ ನಟ್ಟು ಬಿಗಿಯಲು ಬಳಸಿದ ಪಾನಾವನ್ನು ಬೀರಲಿಂಗ ಅವರನ್ನು ಒಳಗೆ ಕರೆದು ಕೈಗಿಟ್ಟರು. ಹೊರಗೆ ಲಾರಿಯ ಚಕ್ರ ಬಿಚ್ಚುತ್ತ ಕೂತಿದ್ದ ಆದಪ್ಪನಿಗೆ ಆ ಪಾನಾ ಕಂಡಿತು, ಆಡಿದ ಮಾತು ಕೇಳಿಸಲಿಲ್ಲ. ಅಂದು ಹೊತ್ತಿದ ಕಿಚ್ಚು ಮತ್ತೆ ಆರಲಿಲ್ಲ. ಆ ಪಾನಾ ತನ್ನದಾಗಬೇಕಿತ್ತು ಎಂದು ಅವನು ನಂಬಿದ, ವರ್ಷಗಟ್ಟಲೆ ನಂಬಿಕೊಂಡೇ ಬಂದ.

ಮುಂದೆ ಬೀರಲಿಂಗ ಅವರು ಸರಕಾರಿ ಬೋಧಕರಾದರು. ಆದಪ್ಪ ಸಿಂಧನೂರಿನಲ್ಲಿ ಭತ್ತ ಹೊರುವ ಟ್ರೇಲರ್‌ಗಳಿಗೆ ಸ್ಪ್ರಿಂಗಿನ ಪಟ್ಟಿ, ಅಂದರೆ ಪಾಟಾ, ಸೇರಿಸಿ ಎತ್ತರಿಸುವ ಕೆಲಸಕ್ಕೆ ನಿಂತ. ಮಾಸ್ತರರು ಕೇಂದ್ರದಲ್ಲಿ ಸಾಮಾನಿಲ್ಲದಾಗ ಸ್ವಂತ ಸಾಮಾನು ಹೊತ್ತು ತಂದು ಪಾಠ ಮಾಡಿದರು. ಹೆಣ್ಣುಮಕ್ಕಳಿಗೇಕೆ ಈ ವಿದ್ಯೆ ಎಂದಿದ್ದ ಗದ್ದೆಮ್ಮನ ಮನೆಗೆ ಹತ್ತು ಸಲ ಅಲೆದು, ಅವಳ ಮಗಳು ಅಂಜಲಿಯನ್ನು ತರಗತಿಗೆ ಕರೆತಂದರು. ಆ ಅಂಜಲಿ ಇಂದು ಅದೇ ವಿಭಾಗದಲ್ಲಿ ಬೋಧಕಿ. ಇಂಥ ಒಂದೊಂದು ಸುದ್ದಿ ಬಸ್ಸಿನಲ್ಲಿ ಸಿಂಧನೂರಿಗೆ ಬಂದಿಳಿದಾಗಲೂ ಆದಪ್ಪನಿಗೆ ಅಂದಿನ ಊಟ ರುಚಿಸುತ್ತಿರಲಿಲ್ಲ. "ಸುಣ್ಣದ ಕಡ್ಡಿ ಹಿಡಿದವಗ ಸನ್ಮಾನ, ಸುತ್ತಿಗಿ ಹಿಡಿದವಗ ಕೆಮ್ಮು" ಎಂದು ಗೊಣಗುತ್ತಿದ್ದ.

ಅವನ ಬಳಿ ಮಾಸ್ತರರಿಗಿಲ್ಲದ ಒಂದೇ ಒಂದು ಆಸ್ತಿ ಇತ್ತು. ಅದೂ ಅವನದಲ್ಲ. ಹಟ್ಟಿಯ ಗಣಿಯಲ್ಲಿ ಇಂಜಿನಿಯರಾಗಿದ್ದವರೊಬ್ಬರು ಬಿಟ್ಟುಹೋದ, ಆಮೆಯ ಬೆನ್ನಿನ, ಹಿಂದೆ ಇಂಜಿನ್ನಿರುವ ಹಳೆಯ ಕಾರು. ಈಗ ಅದು ಅವರ ಮಗಳು, ಸಿಂಧನೂರಿನ ಕಾಲೇಜಿನಲ್ಲಿ ಪಾಠ ಮಾಡುವ ಮುಸರತ್ ಅವರದು. ಗಾಳಿಯಿಂದಲೇ ತಣ್ಣಗಾಗುವ ಆ ಇಂಜಿನ್ನಿಗೆ ರೇಡಿಯೇಟರೇ ಇಲ್ಲ. ಕಾಲುವೆ ನೀರಿಗಾಗಿ ಅಣ್ಣತಮ್ಮಂದಿರೇ ಮಾತು ಬಿಡುವ ಸೀಮೆಯಲ್ಲಿ ನೀರು ಕೇಳದ ಕಾರೆಂದರೆ ಸಣ್ಣ ಮಾತೇ? ಅದನ್ನು ಇಷ್ಟು ವರ್ಷ ಓಡಿಸಿದ್ದು ಆದಪ್ಪನ ಕೈ. ಬೀರಲಿಂಗ ಅವರು ಅದರ ಇಂಜಿನ್ನಿನ ಮುಚ್ಚಳವನ್ನೂ ಎತ್ತಿದವರಲ್ಲ.

ಮೂರು ವರ್ಷದ ಹಿಂದೆ ಮುಸರತ್ ಅವರಿಗೆ ಹುಬ್ಬಳ್ಳಿಯಲ್ಲಿ ಸೇರುವ ಹಳೆ ಕಾರುಗಳ ಮೇಳಕ್ಕೆ ಹೋಗುವ ಉಮೇದು ಬಂತು. "ಚಾಚಾ, ಮುಂದಿನ ಮೂಗು ಸ್ವಲ್ಪ ಕೆಳಗ ಬರಬೇಕು. ನಿಮಗ ಆಗ್ತದೋ, ಇಲ್ಲಾ ಲಿಂಗಸುಗೂರಿನ ಬೀರಲಿಂಗ ಸರ್ ಅವರನ್ನ ಕೇಳಲೋ?" ಎಂದರು.

ಎರಡನೆಯ ಮಾತು ಆಡದಿದ್ದರೆ ಆದಪ್ಪ ತಿಳಿಯದೆಂದು ಒಪ್ಪಿಕೊಳ್ಳುತ್ತಿದ್ದನೋ ಏನೋ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, "ಅವ ಯಾಕ ಬೇಕು? ಶುಕ್ರವಾರ ಬಂದು ಒಯ್ರಿ" ಎಂದುಬಿಟ್ಟ.

ಆ ಕಾರಿನ ಮುಂದಿನ ಆಕ್ಸಲ್ ಎಂದರೆ ಒಂದರ ಮೇಲೊಂದು ಅಡ್ಡ ಮಲಗಿದ ಎರಡು ಕೊಳವೆ. ಅವುಗಳೊಳಗೆ ತೆಳು ಪಾಟಾಗಳ ಕಟ್ಟು. ಕಟ್ಟಿನ ನಡು ಕೊಳವೆಯ ನಡುವಿಗೆ ಬಿಗಿದಿರುತ್ತದೆ, ತುದಿಗಳು ಚಕ್ರದ ತೋಳುಗಳನ್ನು ಹಿಡಿದಿರುತ್ತವೆ. ಪಾಟಾ ಹೊರಗೆಳೆದು, ಕೊಳವೆಯ ನಡುಭಾಗ ಕೊಯ್ದು, ಒಂಚೂರು ತಿರುಗಿಸಿ ಮತ್ತೆ ವೆಲ್ಡಿಂಗ್ ಹೊಡೆದರೆ ಕಾರಿನ ಎತ್ತರ ಬದಲಾಗುತ್ತದೆ. ಒಂದು ಕಡೆ ತಿರುಗಿಸಿದರೆ ಮೂಗು ಇಳಿಯುತ್ತದೆ, ಇನ್ನೊಂದು ಕಡೆಗಾದರೆ ಏರುತ್ತದೆ. ಆದಪ್ಪ ಇಷ್ಟನ್ನೂ ಸರಿಯಾಗಿಯೇ ಯೋಚಿಸಿದ್ದ. ಆದರೆ ಜೀವಮಾನವಿಡೀ ಭತ್ತದ ಭಾರಕ್ಕೆ ಗಾಡಿ ಎತ್ತರಿಸಿದ ಕೈ ಅದು. ತಲೆ ಇಳಿಸು ಎಂದಿತು, ಕೈ ರೂಢಿಯಂತೆ ಏರಿಸುವ ಕಡೆಗೇ ತಿರುಗಿಸಿತು. ವೆಲ್ಡಿಂಗ್ ಮಾತ್ರ ಒಡವೆಗೆ ಹಾಕಿದಂತಿತ್ತು. ಎಲ್ಲ ಜೋಡಿಸಿ ಜಾಕ್ ಇಳಿಸಿದಾಗ ಕಾರು ಎತ್ತು ಬಿಚ್ಚಿದ ಬಂಡಿಯ ಮೂಕಿಯ ಹಾಗೆ ಮೂಗು ಮೇಲೆತ್ತಿ ನಿಂತಿತು.

ಮರುದಿನ ಶುಕ್ರವಾರ. ಕಾರು ಕೈ ತಪ್ಪುವುದು ಖಂಡಿತ, ಅದೂ ಹೋಗುವುದು ಬೀರಲಿಂಗನ ಕೈಗೆ! ಆ ಉರಿಗಿಂತ ಗುಟ್ಟಾಗಿ ಅವನನ್ನೇ ನೆರವು ಕೇಳುವ ಅವಮಾನವೇ ಮೇಲೆಂದು ಆದಪ್ಪ ಫೋನ್ ಹಚ್ಚಿದ. "ಲೇ ಬೀರಾ, ಒಂದೀಟು ಬಂದು ಹೋಗು."

"ಏನಾಗೇದಲೇ?"

"ಬಂದ ಮ್ಯಾಲೆ ಕಾಣಸ್ತದ."

ಮಾಸ್ತರರು ರಜೆ ಹಾಕಿ ಮೊದಲ ಬಸ್ಸಿಗೇ ಬಂದರು. ನಗುತ್ತಾರೆಂದು ಆದಪ್ಪ ಹಲ್ಲು ಕಚ್ಚಿ ಕಾದ. ಅವರು ಕಾರಿನ ಸುತ್ತ ಒಮ್ಮೆ ತಿರುಗಿ, "ಉಸ್ತಾದ ನಮಗ ಏರಿಸೋದು ಕಲಿಸಿದ. ಇಳಿಸೋದು ಯಾರು ಕಲಿಸ್ಯಾರ?" ಎಂದಷ್ಟೇ ಹೇಳಿದರು. ಆ 'ನಮಗ' ಎಂಬ ಮಾತು ಆದಪ್ಪನಿಗೆ ನಗುವಿಗಿಂತ ಹೆಚ್ಚು ಚುಚ್ಚಿತು. ತಾನು ಮುಗ್ಗರಿಸಿದ ಹಳ್ಳಕ್ಕೆ ಇವನೂ ಸುಮ್ಮನೆ ಇಳಿದು ನಿಲ್ಲುವುದೇಕೆ?

ಕೊಯ್ದ ಜಾಗವನ್ನೇ ಮತ್ತೆ ಕೊಯ್ದರೆ ಬಲ ಸಾಲದೆಂದು, ಹಟ್ಟಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಅದೇ ಜಾತಿಯ ಇನ್ನೊಂದು ಕಾರಿನ ಆಕ್ಸಲ್ ತರಿಸಿ ಅದರ ನಡುಭಾಗ ತೆಗೆದು, ಆದಪ್ಪನ ವೆಲ್ಡಿಂಗ್ ಇದ್ದ ತುಂಡುಗಳನ್ನು ಕೊಯ್ದ ಜಾಗಕ್ಕೆ ಇಟ್ಟರು. ಮಾಸ್ತರರು ಗುರುತು ಹಾಕಿ, ತಿರುಗಿಸಿ ಹಿಡಿದು ಕೂತರು. "ವೆಲ್ಡಿಂಗ್ ನೀನೇ ಹೊಡಿ" ಎಂದರು. ಕೆಟ್ಟರೆ ಹೆಸರು ತನಗೇ ಬರಲೆಂಬ ಹುನ್ನಾರ ಇದು ಎಂದು ಆದಪ್ಪ ಲೆಕ್ಕ ಹಾಕಿದ. ಆದರೂ ಹೊಡೆದ. ಗಿಡ್ಡ ಶಾಕ್ ಅಬ್ಸಾರ್ಬರ್ ಕೂರಿಸಿ, ಸ್ಟೇರಿಂಗ್ ಅಲೆಯದಂತೆ ಕೆಳಗಿನ ಕೊಳವೆಯ ಹಿಂದೆ ಬಿಲ್ಲೆ ಇಟ್ಟು ಬಿಗಿದು ಇಳಿಸಿದಾಗ, ಕಾರು ಕಾಳು ತುಂಬಿದ ಭತ್ತದ ತೆನೆಯಂತೆ ಮೂಗು ತಗ್ಗಿಸಿತು. ಅಷ್ಟರಲ್ಲಿ ಮುಸರತ್ ಬಂದು ಬೆರಗಾಗಿ ನಿಂತರು.

"ಎಲ್ಲಾ ಆದಪ್ಪಂದೇರಿ. ನಾ ಚಾ ಕುಡಿಯಾಕ ಬಂದಿದ್ದೆ" ಎಂದರು ಮಾಸ್ತರರು.

ಆ ಮಾತು ಆದಪ್ಪನ ಗಂಟಲಲ್ಲಿ ಬಿಸಿತುಪ್ಪವಾಗಿ ನಿಂತಿತು. ಭಿಕ್ಷೆ ಹಾಕಿದ ಎಂದುಕೊಂಡ. ಗೆಳೆಯ ದೊಡ್ಡವನಾಗುವುದನ್ನು ದೂರದಿಂದ ಕೇಳಿ ಸಹಿಸಬಹುದು. ಕಣ್ಣೆದುರಿಗೇ, ಅದೂ ತನ್ನ ಗ್ಯಾರೇಜಿನಲ್ಲೇ ದೊಡ್ಡವನಾದರೆ ಹೇಗೆ ಸಹಿಸುವುದು? ಹುಬ್ಬಳ್ಳಿಯಲ್ಲಿ ಕಾರಿಗೆ ಚಪ್ಪಾಳೆ ಬಿತ್ತೆಂದು ಕೇಳಿದಾಗಲೂ ಅದು ಬೀರಲಿಂಗನ ಚಪ್ಪಾಳೆ ಎನ್ನಿಸಿ ಮುಖ ಹುಳ್ಳಗಾಯಿತು.

ಅದಕ್ಕಿಂತ ದೊಡ್ಡ ಉರಿ ಮುಂದಿತ್ತು. ಕೊಯ್ದು ತೆಗೆದ ಆ ತಪ್ಪು ತುಂಡುಗಳಲ್ಲೊಂದು ಗ್ಯಾರೇಜಿನಿಂದ ಕಾಣೆಯಾಯಿತು. ಕೆಲ ತಿಂಗಳ ಮೇಲೆ ಲಿಂಗಸುಗೂರಿಗೆ ಹೋದ ಆದಪ್ಪನಿಗೆ ಅದು ಕಂಡಿದ್ದು ಬೀರಲಿಂಗ ಅವರ ಮೇಜಿನ ಮೇಲೆ! 'ನೋಡ್ರಿ, ಏರಿಸೋದಕ್ಕೂ ಇಳಿಸೋದಕ್ಕೂ ಫರಕ್ ತಿಳಿಯದವನ ಕೆಲಸ' ಎಂದು ದಿನಾ ಮಕ್ಕಳಿಗೆ ತೋರಿಸಿ ನಗಿಸುತ್ತಿದ್ದಾನೆ, ಅದಕ್ಕೇ ಅಂದು ನಗಲಿಲ್ಲ, ನಗುವನ್ನೆಲ್ಲ ಇಲ್ಲಿಗೆ ಕಟ್ಟಿಕೊಂಡು ತಂದಿದ್ದಾನೆ ಎಂದುಕೊಂಡ! ಬಾಗಿಲಿಂದಲೇ ಹಿಂದಿರುಗಿದವನು ಮಾಸ್ತರರ ಫೋನನ್ನೂ ಎತ್ತಲಿಲ್ಲ.

ಕಳೆದ ತಿಂಗಳು ಬೀಳ್ಕೊಡುಗೆಯ ದಿನ ಆದಪ್ಪ ಬಂದ. ಹಾರ ತಂದಿರಲಿಲ್ಲ, ಖಾಲಿ ಕೈಚೀಲ ತಂದಿದ್ದ. ಎಲ್ಲರೂ ಶಾಮಿಯಾನದಲ್ಲಿದ್ದಾಗ ನೆಟ್ಟಗೆ ಕಾರ್ಯಾಗಾರಕ್ಕೆ ನಡೆದು ತುಂಡಿಗೆ ಕೈ ಹಾಕಿದ. ಅಲ್ಲಿದ್ದ ಅಂಜಲಿ ತಡೆದಳು.

"ಕಾಕಾ, ಅದನ್ನ ಮುಟ್ಟಬ್ಯಾಡ್ರಿ. ಸರ್‌ದು."

"ನಂದವ್ವ ಇದು. ಸಿಂಧನೂರಿನ ಆದಪ್ಪ ನಾ."

ಹುಡುಗಿ ಕಣ್ಣರಳಿಸಿದಳು. "ನೀವಾ? ನಿಮ್ಮ ಹೆಸರು ಹೇಳಲಾರದ ವರ್ಷ ಇಲ್ರಿ! ವೆಲ್ಡಿಂಗ್ ಪಾಠ ಶುರು ಮಾಡೋದೇ ಇದರಿಂದ. 'ಎಷ್ಟು ಮಂದಿಗೆ ಕಲಿಸೀನಿ, ಇಂಥಾದು ನನ್ನ ಕೈಗೆ ಹತ್ತಲಿಲ್ಲ. ನೋಡಿದಾಗೆಲ್ಲಾ ಹೊಟ್ಟಿ ಉರೀತದ' ಅಂತಾರ."

ಆದಪ್ಪ ತುಂಡಿನಿಂದ ಕೈ ತೆಗೆದ. "ಮತ್ತ ಕೊಯ್ದಿದ್ದು ಯಾಕಂತ?"

"ಮೊದಲು ಏರಿಸ್ರಿ ಅಂದಿದ್ರಂತ, ಆಮ್ಯಾಲೆ ಗಾಡಿಯವರ ಮನಸ್ಸು ಬದಲಾತಂತ್ರಿ."

ಕೈಚೀಲ ಅಲ್ಲೇ ಬಿಟ್ಟು ಆದಪ್ಪ ವೇದಿಕೆ ಹತ್ತಿದ. ಯಾರದೋ ಕೈಯಿಂದ ಹಾರ ಕಸಿದು ಬೀರಲಿಂಗ ಅವರ ಕೊರಳಿಗೆ ಹಾಕುತ್ತ ಕಿವಿಯಲ್ಲಿ ಕೇಳಿದ, "ಹೊಟ್ಟಿ ಉರೀತದಂತಲ್ಲಲೇ?"

ಬೀರಲಿಂಗ ಅವರು, ಅವನ ಹಿಂದೆಯೇ ಬಂದು ನಿಂತಿದ್ದ ಅಂಜಲಿಯ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದರು. "ಉಸ್ತಾದ ನನಗ ಪಾನಾ ಕೊಟ್ಟಾಗ ಏನಂದಿದ್ದ ಗೊತ್ತೇನು? 'ನಿನಗ ಇದು ಬೇಕಾಗ್ತದ. ಆದಪ್ಪಗ ಕೈ ಸಾಕು' ಅಂದಿದ್ದ. ಇವತ್ತಿಗೂ ಆ ಮಾತು ನುಂಗಾಕ ಆಗಿಲ್ಲ ನನಗ."

ಆ ಸಭೆಯಲ್ಲಿ ಯಾರ ಭಾಷಣವೂ ಆದಪ್ಪನಿಗೆ ಕೇಳಿಸಲಿಲ್ಲವಂತೆ. ಸಂಜೆ ಅವನೇ ಆ ಕೊಳವೆ ತುಂಡನ್ನು ಮಸ್ಕಿಯಲ್ಲಿರುವ ಮಾಸ್ತರರ ಮನೆಗೆ ಹೊತ್ತೊಯ್ದ. ಅವರ ಮಂಚದ ಎದುರಿನ ಗೂಡಿನಲ್ಲಿ, ಬೆಳಗ್ಗೆ ಕಣ್ಣು ಬಿಟ್ಟೊಡನೆ ಕಾಣುವಂತೆ ಇಟ್ಟು, ಅವರ ಮಡದಿ ವೀರಭದ್ರಮ್ಮನವರಿಗೆ ತಾಕೀತು ಮಾಡಿದ: "ತಂಗೆವ್ವ, ಇದನ್ನ ಇಲ್ಲಿಂದ ಕದಲಿಸಬ್ಯಾಡ."

ಕೈ ಹಿಡಿದು ಕಲಿಸಿದ ಗುರುಗಳು ನೂರು ವರ್ಷ ಬಾಳಲಿ, ಕಲಿಸುವ ಕೆಲಸ ಮನೆಯ ಅಂಗಳದಲ್ಲೂ ನಡೆಯುತ್ತಿರಲಿ ಎಂಬುದು ಶಿಷ್ಯಬಳಗದ ಹಾರೈಕೆ. ಆದಪ್ಪನ ಹಾರೈಕೆಯನ್ನು ಅವನ ಮಾತಿನಲ್ಲೇ ಕೊಡುವುದು ನ್ಯಾಯ: "ನೂರು ಸಾಲಂಗಿಲ್ರಿ, ಇನ್ನೂ ಇರಲಿ. ದಿನಾ ಮುಂಜಾನೆ ಎದ್ದು ನನ್ನ ವೆಲ್ಡಿಂಗ್ ನೋಡಲಿ."