ಸುಮ್ಮನೆ ಕೂರದ ಕತ್ತರಿಯಮ್ಮ

ಹೊಲಿಗೆ ಅಂಗಡಿಗೆ ಬರುವವರೆಲ್ಲ ಅವಳನ್ನು ಬೆನ್ನ ಹಿಂದೆ ಕತ್ತರಿಯಮ್ಮ ಎನ್ನುತ್ತಿದ್ದರು. ಬಟ್ಟೆಗಿಂತ ಜನರನ್ನೇ ಮಾತಿನಲ್ಲಿ ಚೆನ್ನಾಗಿ ಕತ್ತರಿಸುತ್ತಾಳೆ ಎಂದು. ಮೂವತ್ತು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವಳು. ಕೊರಳಲ್ಲಿ ಅಳತೆಯ ಟೇಪು, ತುಟಿಯ ನಡುವೆ ಗುಂಡುಸೂಜಿ, ಅದರ ಸಂದಿಯಿಂದಲೇ ಬೈಗುಳ. ಅಂಥವಳಿಗೆ ಐವತ್ತೆಂಟರ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಕಾಲರ್ ಕೂರಿಸುತ್ತಿರುವಾಗ, ಎದೆ ಹಿಂಡಿದಂತಾಯಿತು.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ರಕ್ತನಾಳಗಳ ಚಿತ್ರ ತೆಗೆಸಿ ನೋಡಿದರು. ಹೃದಯಕ್ಕೆ ರಕ್ತ ಒಯ್ಯುವ ಒಂದು ನಾಳ ಪೂರ್ತಿ ಮುಚ್ಚಿತ್ತು. ಸ್ಟೆಂಟ್ ಹಾಕುವ ಹಾಗಿಲ್ಲ, ಆಪರೇಷನ್ನಿಗೂ ನಾಳ ತೀರ ಸಣ್ಣದು. ಅವಳು ಎದುರಿಗೇ ಕೂತಿದ್ದರೂ ಡಾಕ್ಟರು ಹೇಳಿದ್ದು ಗಂಡನಿಗೆ.

"ಮಾತ್ರೆ ಕೊಡಿ. ಮನೇಲಿ ಸುಮ್ನೆ ಕೂರಿಸಿ. ಇನ್ನೇನೂ ಮಾಡೋ ಹಾಗಿಲ್ಲ."

"ನಾನು ಇಲ್ಲೇ ಇದೀನಿ ಡಾಕ್ಟ್ರೇ, ಇನ್ನೂ ಸತ್ತಿಲ್ಲ," ಎಂದಳು.

ಅವರು ಆಗಲೇ ಮುಂದಿನ ಫೈಲು ತೆರೆದಿದ್ದರು.

ಗಂಡ ಗ್ರಂಥಾಲಯದ ಗುಮಾಸ್ತ, ಜೋರಾಗಿ ಕೆಮ್ಮಿ ಗೊತ್ತಿಲ್ಲದವನು. ಅಂಗಡಿಗೆ ಬೀಗ ಜಡಿದು, ಕೀಲಿಕೈ ಬಚ್ಚಿಟ್ಟು, ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ನೀರಿನ ಲೋಟಕ್ಕೆ ಕೈ ಚಾಚಿದರೂ "ಬೇಡ ಕಣೇ, ನಾನು ಕೊಡ್ತೀನಿ" ಎಂದು ಓಡಿಬರುತ್ತಿದ್ದ. ಅವಳಿಗೆ ಮೈಯೆಲ್ಲ ಉರಿ. ನಾಲ್ಕು ತಿಂಗಳಲ್ಲಿ ಬಚ್ಚಲಿಗೆ ಹೋಗಿಬರಲೂ ಏದುಸಿರು ಬಿಡುವ ಹಾಗಾಯಿತು.

ಮಾತ್ರೆಗೆಂದು ಆಸ್ಪತ್ರೆಗೆ ಹೋದ ದಿನ ಅಲ್ಲಿನ ಕಾರಿಡಾರಿನಲ್ಲೇ ಗೋಡೆ ಹಿಡಿದು ನಿಂತಳು. ನೆಲಮಾಳಿಗೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅದನ್ನು ಕಂಡು ಹತ್ತಿರ ಬಂದಳು, ಅವಳ ಕೈಯಲ್ಲಿದ್ದ ಆಸ್ಪತ್ರೆಯ ಕಾಗದ ಇಸಿದುಕೊಂಡು ಓದಿದಳು.

"ಯಾರಮ್ಮ ನಿಮಗೆ ಕೂತೇ ಇರಿ ಅಂದಿದ್ದು? ಮುಚ್ಚಿದ ನಾಳದ ಅಕ್ಕಪಕ್ಕ ಕೂದಲೆಳೆಯಂಥ ಸಣ್ಣ ನಾಳಗಳಿರ್ತವೆ. ದಿನಾ ಹದವಾಗಿ ಕೆಲಸ ಕೊಟ್ರೆ ಹೃದಯ ಹೆಚ್ಚು ರಕ್ತ ಕೇಳುತ್ತೆ. ಹರಿವು ಹೆಚ್ಚಾಗಿ ಅವು ಅಗಲ ಆಗಬಹುದು, ಹೊಸವೂ ಹುಟ್ಟಬಹುದು. ಎಲ್ಲರಿಗೂ ಆಗುತ್ತೆ ಅಂತ ಮಾತು ಕೊಡಲ್ಲ. ಆದ್ರೆ ಕೂತಿದ್ರೆ ಇರೋ ಶಕ್ತಿನೂ ಹೋಗುತ್ತೆ."

ಕತ್ತರಿಯಮ್ಮನ ಕಣ್ಣು ಕೆಂಡವಾಯಿತು. "ಈ ಮಾತು ಹೇಳೋಕೆ ಆ ಮನುಷ್ಯನ ಬಾಯಲ್ಲಿ ಏನಿತ್ತು, ಕಡುಬಾ?"

ಬೇರೊಬ್ಬ ಡಾಕ್ಟರು ಪರೀಕ್ಷಿಸಿ ಒಪ್ಪಿದ ಮೇಲೆ ವ್ಯಾಯಾಮ ಶುರುವಾಯಿತು. ವಾರಕ್ಕೆ ಮೂರು ದಿನ ಎದೆಗೆ ಹೃದಯದ ಬಡಿತ ನೋಡುವ ತಂತಿ ಅಂಟಿಸಿಕೊಂಡು, ಎಲ್ಲಿಗೂ ಹೋಗದ ಸೈಕಲ್ಲು ತುಳಿಯಬೇಕು. ಎದೆ ಬಿಗಿದರೆ ತಕ್ಷಣ ನಿಲ್ಲಿಸಬೇಕು. ಮೊದಲ ದಿನ ನಾಲ್ಕೇ ನಿಮಿಷ. ಅವಮಾನಕ್ಕೆ ಅಳು ಬಂತು, ಅದನ್ನೂ ಬೈದು ಒಳಗೆ ಕಳಿಸಿದಳು. ಉಳಿದ ದಿನ ಬೀದಿಯಲ್ಲಿ ನಡಿಗೆ. ಹಿಂದೆಯೇ ಮಡಿಸುವ ಸ್ಟೂಲು ಹಿಡಿದು ಗಂಡ.

ಒಂದು ಬೆಳಿಗ್ಗೆ ಔಷಧಿ ಅಂಗಡಿಯವನು ಆ ಸ್ಟೂಲು ನೋಡಿ ನಕ್ಕದ್ದು ಕಂಡಿತು. ಅವಳು ನಡುರಸ್ತೆಯಲ್ಲೇ ತಿರುಗಿ ನಿಂತಳು. "ರೀ, ನಾನು ಯಾವಾಗ ಬೀಳ್ತೀನಿ ಅಂತ ಕಾಯ್ತಿದೀರಾ?"

ಗಂಡ ಸ್ಟೂಲನ್ನು ಎದೆಗವಚಿಕೊಂಡ. "ನೀನು ಬಿದ್ರೆ ಹಿಡಿಯೋಷ್ಟು ಬಲ ನನ್ನ ಕೈಲಿ ಇಲ್ಲ ಕಣೇ. ಅದಕ್ಕೇ ಇದನ್ನ ತಂದೆ."

ಅವಳ ಸಿಟ್ಟು ಇಳಿಯಲಿಲ್ಲ. ಆದರೂ ಕೈ ಚಾಚಿ, "ಹಿಂದೆ ಬರಬೇಡಿ, ಪಕ್ಕದಲ್ಲಿ ನಡೀರಿ. ಅಂಗಡಿ ಕೀಲಿಕೈನೂ ಕೊಡಿ," ಎಂದಳು.

ಹನ್ನೊಂದು ತಿಂಗಳಲ್ಲಿ ಮೂರು ಮಹಡಿ ನಿಲ್ಲದೆ ಹತ್ತುವ ಹಾಗಾದಳು. ನಡುವೆ ಒಮ್ಮೆ ಎದೆ ನೋವು ಬಂದು ಮತ್ತೆ ಚಿತ್ರ ತೆಗೆದರು. ಮುಚ್ಚಿದ ನಾಳ ಮುಚ್ಚಿಯೇ ಇತ್ತು. ಆದರೆ ಅದರ ಆಚೆಗೆ ರಕ್ತ ಹೋಗುತ್ತಿತ್ತು, ಮೊದಲು ಕಾಣದಿದ್ದ ಸಣ್ಣ ಕವಲುಗಳಿಂದ. ಮೊದಲು ನೋಡಿದ್ದ ಹೃದಯದ ಡಾಕ್ಟರು ಹುಬ್ಬೇರಿಸಿ, "ನಿಮ್ಮ ಅದೃಷ್ಟ," ಎಂದರು.

"ಅದೃಷ್ಟ ಅಲ್ಲ ಡಾಕ್ಟ್ರೇ, ನನ್ನ ಕಾಲು! ನೀವು ಸುಮ್ನೆ ಕೂರಿಸಿದ್ದ ನಾಲ್ಕು ತಿಂಗಳು ಯಾರು ವಾಪಸ್ ಕೊಡ್ತಾರೆ?"

ಅವರು ಕನ್ನಡಕ ತೆಗೆದು ಒರೆಸಿದರು. "ಅವತ್ತು ನಾನು ಕೆಳಗಡೆ ವ್ಯಾಯಾಮಕ್ಕೆ ಕಳಿಸಬೇಕಿತ್ತು. ತಪ್ಪಾಯ್ತು."

ಆ ಮಾತಿನಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಅದೇ ಬಣ್ಣದ ಫೈಲು ಹಿಡಿದು ಮುದುಡಿ ಕೂತಿದ್ದಳು.

"ನಿಮಗೂ ಸುಮ್ನೆ ಕೂತಿರಿ ಅಂದ್ರಾ?" ಕತ್ತರಿಯಮ್ಮ ಗದರುವ ದನಿಯಲ್ಲೇ ಕೇಳಿದಳು. ಹೆಂಗಸು ಹೆದರಿ ಹೌದೆಂದು ತಲೆಯಾಡಿಸಿದಳು.

"ಏಳಿ. ನೆಲಮಾಳಿಗೆ ತೋರಿಸ್ತೀನಿ. ನಿಧಾನವಾಗಿ ನಡೀರಿ, ನನಗೇನೂ ಆತುರ ಇಲ್ಲ."