ಅಟ್ಲಾಂಟಿಕ್ ದಾಟಿದ ಕೋಣೆ

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಕೋಟೆಯ ಹತ್ತಿರ ನಮ್ಮ ಓಣಿಯ ಹೆಂಗಸರು ಬಾಗಿಲ ಮುಂದೆ ಕೂತು, ಯಾರಿಗೋ ಏನೋ ಕಾಣಿಸಿತಂತೆ ಎಂದು ದನಿ ತಗ್ಗಿಸಿ ಮಾತಾಡುವಾಗ ನಕ್ಕು ಒಳಗೆ ಹೋಗುತ್ತಿದ್ದೆ. ಜ್ವರ ಇದ್ದಿರಬೇಕು, ನಿದ್ದೆಗೆಟ್ಟಿರಬೇಕು, ಇಲ್ಲವೇ ಸುಳ್ಳು ಹೇಳುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಅದು ನಡೆದದ್ದು ರಣರಣ ಬಿಸಿಲಿನ ಮಧ್ಯಾಹ್ನ, ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಓಡಾಡುತ್ತಿದ್ದಾಗ.

ಕೆಲವು ವರ್ಷಗಳ ಹಿಂದಿನ ಮಾತು. ಮೇ ತಿಂಗಳು. ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಹುಮನಾಬಾದಿಗೆ ಹಾಕಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು, ದೂರವೇನಲ್ಲ. ಆದರೆ ಆ ವರ್ಷ ಮನೆಗೆ ಮರಳುವ ಆಸೆಯೇ ನನಗಿರಲಿಲ್ಲ. ಮದುವೆಯಾಗದೆ ಉಳಿದವಳು ನಾನು. ಮನೆಯಲ್ಲಿದ್ದದ್ದು ಅವ್ವ, ನಾನು, ಇಬ್ಬರೇ. ಅವ್ವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆಮೇಲೆ ಬೀಗ ತೆಗೆದು ಒಳಗೆ ಹೋದರೆ ಚಪ್ಪಲಿ ಬಿಟ್ಟ ಸದ್ದು ಕೂಡ ಜೋರಾಗಿ ಕೇಳುತ್ತಿತ್ತು. ಹಾಗಾಗಿ, ಕೆಲಸ ಮುಗಿಯುವವರೆಗೆ ಲಾಡ್ಜಿನಲ್ಲೇ ಇರುತ್ತೇನೆ ಅಂದೆ.

ಲಾಡ್ಜು ಮಾಣಿಕನಗರದ ಕಡೆ ಹೋಗುವ ದಾರಿಯಲ್ಲಿತ್ತು. ಕೆಳಗೆ ಚಹಾದ ಅಂಗಡಿ, ಟೈರಿನ ಅಂಗಡಿ, ಮೇಲೆ ಕೋಣೆಗಳು. ಮಾಲೀಕರ ಹೆಸರು ವೈಜಿನಾಥಪ್ಪ, ಕೊಡಂಬಲದವರು. ಎಪ್ಪತ್ತರ ಆಸುಪಾಸಿನ ವಯಸ್ಸು, ತೆಳ್ಳಗಿನ ಮೈ. ಅಂಗಿಯ ಇಸ್ತ್ರಿ ಮಾತ್ರ ಕತ್ತರಿಸುವಷ್ಟು ಚೂಪು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಹೆಣ್ಣುಮಗಳು ಒಬ್ಬಳೇ ಇರುವವಳೆಂದು ಮೂಲೆಯ ಕೋಣೆ ಕೊಟ್ಟರು. "ಇದು ನಮ್ಮ ಖಾಸ್ ಕೋಲಿರಿ ಮೇಡಂ. ಹಂಗ ಯಾರಿಗೂ ಕೊಡಂಗಿಲ್ಲ" ಅಂದರು.

ಕೋಣೆ ನೋಡಿ ಆಶ್ಚರ್ಯವಾಯಿತು. ಬಾಗಿಲು ಕೆಂಪು ಮರದ್ದು, ದಪ್ಪ, ಹಿತ್ತಾಳೆಯ ಹಿಡಿಕೆ. ಮಂಚದ ಎರಡೂ ಬದಿಗೆ ಗೇಣೆತ್ತರದ ಅಡ್ಡಪಟ್ಟಿ. ಗೋಡೆಯಲ್ಲಿ ಹಿತ್ತಾಳೆಯ ಚೌಕಟ್ಟಿನ ದುಂಡು ಕಿಟಕಿ, ಅದಕ್ಕೆ ಬೆರಳಿನಷ್ಟು ದಪ್ಪ ಗಾಜು. ಅದರಾಚೆ ಮೊಳ ದೂರದಲ್ಲಿ ಪಕ್ಕದ ಗೋದಾಮಿನ ಗಿಲಾವು ಕಾಣದ ಗೋಡೆ. ಮಂಚಕ್ಕೆ ಪಟ್ಟಿ ಯಾಕೆಂದು ಕೇಳಿದೆ. "ನಿದ್ದ್ಯಾಗ ಬೀಳಬಾರದಂತ್ರಿ. ಸಮುದ್ರ ಜೋರ್ ಇದ್ದಾಗ" ಅಂದರು ಕಾಕಾ.

ಅವರ ಕತೆ ಆ ಸಂಜೆ ಚಹಾ ಕುಡಿಯುತ್ತ ತಿಳಿಯಿತು. ಹರೆಯದಲ್ಲಿ ಮುಂಬಯಿಯ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ಗೋವಾದ ಗೆಳೆಯನೊಬ್ಬ ಹಡಗಿನಲ್ಲಿ ಕೆಲಸವಿದೆ ಬಾ ಎಂದು ಕರೆದುಕೊಂಡು ಹೋದ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಜನರನ್ನು ಸಾಗಿಸುವ ಹಳೆಯ ಕಂಪನಿಯ ಹಡಗು. ಅದರ ಹೊಟ್ಟೆಯೊಳಗಿನ ಲಾಂಡ್ರಿಯಲ್ಲಿ ಇವರ ಅರ್ಧ ಆಯುಷ್ಯ ಕಳೆಯಿತು. ಪ್ರಯಾಣಿಕರ ಚಾದರ, ಸಾಹೇಬರ ಬಿಳಿ ಕೋಟು, ಊಟದ ಮೇಜಿನ ಬಟ್ಟೆ, ಎಲ್ಲಕ್ಕೂ ಇಸ್ತ್ರಿ.

ಆ ಕಂಪನಿಯ ಕತೆಯನ್ನು ಕಾಕಾ ತಮ್ಮ ಮನೆತನದ ಕತೆಯಂತೆ ಹೇಳುತ್ತಿದ್ದರು. ಮೊದಲಿಗೆ ಅದು ಎರಡು ದೇಶಗಳ ನಡುವೆ ಟಪಾಲು ಒಯ್ಯುತ್ತಿತ್ತಂತೆ, ಹಾಯಿಪಟವೂ ಉಗಿಯ ಗಾಲಿಯೂ ಇದ್ದ ಮರದ ಹಡಗುಗಳಲ್ಲಿ. ಆಮೇಲೆ ಹೊಟ್ಟೆಪಾಡಿಗೆ ಊರು ಬಿಟ್ಟ ಬಡವರನ್ನು ತಳದ ಅಂತಸ್ತಿನಲ್ಲಿ ತುಂಬಿಕೊಂಡು, ಮೇಲೆ ಶ್ರೀಮಂತರಿಗೆ ಸಂಗೀತದ ಹಾಲ್ ಕಟ್ಟಿ, ನಾಲ್ಕು ಚಿಮಣಿಯ ದೊಡ್ಡ ದೊಡ್ಡ ಹಡಗುಗಳನ್ನು ಬಿಟ್ಟಿತು. ಯುದ್ಧ ಬಂದಾಗ ಅದೇ ಹಡಗುಗಳಿಗೆ ಬೂದು ಬಣ್ಣ ಬಳಿದು ಸಿಪಾಯಿಗಳನ್ನು ಸಾಗಿಸಿದರು. ಕೆಲವು ಮುಳುಗಿಯೂ ಹೋದವು. ಉಳಿದವು ಯುದ್ಧ ಮುಗಿದ ಮೇಲೆ ಮತ್ತೆ ಬಣ್ಣ ಬಳಿಸಿಕೊಂಡು ಓಡಾಡಿದವು. ಕಡೆಗೆ ವಿಮಾನ ಬಂತು. ವಾರ ಹಿಡಿಯುವ ಸಮುದ್ರವನ್ನು ಜನ ಒಂದು ಊಟದ ಹೊತ್ತಿನಲ್ಲಿ ದಾಟತೊಡಗಿದರು. ಕಂಪನಿ ಹಡಗುಗಳನ್ನು ಒಂದೊಂದಾಗಿ ಮಾರಿತು, ಕೊನೆಗೆ ತಾನೂ ಮಾರಾಟವಾಯಿತು. ಕಾಕಾ ಇದ್ದದ್ದು ಉಳಿದವುಗಳಲ್ಲೇ ಹಳೆಯ ಹಡಗು. ಅದಕ್ಕೆ ಕೆಲಸದ ಹುಡುಗರು ಇಟ್ಟ ಹೆಸರು ಬುಡ್ಡಿ, ಅಂದರೆ ಮುದುಕಿ.

"ಅಕಿನ್ನ ಗುಜರಾತದ ದಂಡಿಗೆ ತಂದು ಒಡದರ್ರೀ. ಅಲಂಗಿನಾಗ, ಹಳೇ ಹಡಗ ಒಡ್ಯೋ ಜಾಗದಾಗ" ಅಂದರು ಕಾಕಾ. "ನಾನು ಆಗ ನೌಕರಿ ಬಿಟ್ಟು ಊರಿಗೆ ಬಂದಿದ್ದೆ. ಸುದ್ದಿ ಕೇಳಿ ಮನಸ್ಸು ತಡೀಲಿಲ್ಲ. ಹೋದೆ. ಅಷ್ಟ್ ದೊಡ್ಡಾಕಿ ಕೆಸರಿನಾಗ ಅಡ್ಡ ಬಿದ್ದಿದ್ಲು, ಅರ್ಧ ಮೈ ಇರಲಿಲ್ಲ. ಸಾಮಾನೆಲ್ಲ ರಸ್ತಾದ ಬಾಜು ಮಾರಾಕಿಟ್ಟಿದ್ರು. ಒಂದು ಕೋಲಿ ಸಾಮಾನು ತಗೊಂಡು ಲಾರಿ ಮ್ಯಾಲೆ ಹಾಕ್ಕೊಂಡು ಬಂದೆ."

ಅದು ಮೇಲಂತಸ್ತಿನ ಪ್ರಯಾಣಿಕರ ಕೋಣೆಯ ಸಾಮಾನು. ಹಡಗಿನಲ್ಲಿದ್ದಷ್ಟು ಕಾಲ ಕಾಕಾ ಅಂಥ ಕೋಣೆಯೊಳಗೆ ಕಾಲಿಟ್ಟವರಲ್ಲ. ಲಾಂಡ್ರಿಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರ ಹೆಂಡತಿಗೆ ಈ ಹುಚ್ಚು ಸೇರುತ್ತಿರಲಿಲ್ಲ. ನನ್ನ ಸವತಿ ಇರುವ ಮನೆಯಲ್ಲಿ ನಾನಿರುವುದಿಲ್ಲ ಎಂದು ಆಕೆ ಕೊಡಂಬಲದಲ್ಲೇ ಉಳಿದಿದ್ದರಂತೆ. ಕಾಕಾ ನಗುತ್ತಲೇ ಇದನ್ನು ಹೇಳಿದರು. ನಕ್ಕು, ಖಾಲಿ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕೂತರು.

ಎರಡು ಮೂರು ದಿನ ಏನೂ ಆಗಲಿಲ್ಲ. ಕೆಲಸ ಬೇಗ ಮುಗಿದ ಒಂದು ಮಧ್ಯಾಹ್ನ ಊಟ ಮಾಡಿ ಬಂದು ಮಂಚದ ಮೇಲೆ ಒರಗಿದೆ. ಕರೆಂಟು ಹೋಗಿತ್ತು. ಎಚ್ಚರವಾಗಿಯೇ ಇದ್ದೆ. ಬೆವರು ಒರೆಸಿಕೊಳ್ಳುತ್ತ, ಸಂಜೆ ಯಾರಿಗಾದರೂ ಫೋನ್ ಮಾಡಬೇಕು, ಯಾರಿಗೆ ಮಾಡಲಿ ಎಂದು ಯೋಚಿಸುತ್ತಿದ್ದೆ. ಮಂಚ ಮೆಲ್ಲಗೆ ಒಂದು ಬದಿಗೆ ವಾಲಿತು. ಕ್ಷಣ ನಿಂತು, ಮತ್ತೊಂದು ಬದಿಗೆ ವಾಲಿತು.

ತಲೆ ತಿರುಗುತ್ತಿದೆ ಅಂದುಕೊಂಡು ಎದ್ದು ಕೂತೆ. ಎದುರಿನ ಮೊಳೆಗೆ ನನ್ನ ಕೈಚೀಲ ತೂಗುಹಾಕಿದ್ದೆ. ಅದು ಗೋಡೆಯನ್ನು ಬಿಟ್ಟು ಮುಂದೆ ಬಂತು, ಗಾಳಿಯಲ್ಲಿ ಹಾಗೇ ನಿಂತಿತು, ತಿರುಗಿ ಹೋಗಿ ಗೋಡೆಗೆ ತಾಗಿತು. ಮತ್ತೆ ಬಂತು. ಲೋಲಕದ ಪಾಠ ಮಾಡುವವಳಿಗೆ ಇದರ ಅರ್ಥ ಬೇರೆ ಯಾರೂ ಹೇಳಬೇಕಾಗಿಲ್ಲ. ಚೀಲ ನೆಟ್ಟಗೆ ತೂಗುತ್ತಿದೆ, ವಾಲುತ್ತಿರುವುದು ಗೋಡೆ. ಮೇಲೆ ಸೂರಿನಲ್ಲಿ ಬೆಳಕಿನ ಎಳೆಗಳು ಹರಿದಾಡುತ್ತಿದ್ದವು, ತುಂಬಿದ ಬಾನಿಯ ನೀರಿಗೆ ಬಿಸಿಲು ಬಿದ್ದಾಗ ಗೋಡೆಯ ಮೇಲೆ ಕುಣಿಯುತ್ತದಲ್ಲ, ಹಾಗೆ. ಕಿಟಕಿಯ ಕಡೆ ತಿರುಗಿದೆ. ಗೋದಾಮಿನ ಗೋಡೆ ಇರಲಿಲ್ಲ. ಸ್ಲೇಟಿನ ಬಣ್ಣದ್ದೇನೋ ಮೇಲೇರಿ ಬಂದು ಗಾಜನ್ನು ಅರ್ಧ ಮುಚ್ಚಿ ಕೆಳಗಿಳಿಯಿತು.

ನಮ್ಮ ಭಾಗದವರಿಗೆ ನೆಲ ಅಲುಗಿದರೆ ಮೊದಲು ನೆನಪಾಗುವುದು ಭೂಕಂಪ. ಗಡಿಯಾಚೆ ಊರಿಗೆ ಊರೇ ಮಣ್ಣಾದದ್ದನ್ನು ಕೇಳಿ ಬೆಳೆದವರು ನಾವು. ಕಂಡದ್ದೇನೆಂದು ಯೋಚಿಸದೆ, ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. "ಕಾಕಾ, ಹೊರಗ ಬರ್ರಿ! ಭೂಕಂಪ ಆಗಾಕತ್ತದ!"

ಕಾಕಾ ಹಣದ ಗಲ್ಲೆಯ ಹಿಂದೆ ಕೂತಿದ್ದರು. ಅವರ ಮುಂದೆ ಅಂಚಿನವರೆಗೆ ತುಂಬಿದ ಚಹಾದ ಕಪ್ಪು. ಅದರ ಕೆನೆ ಕೂಡ ಅಲುಗಿರಲಿಲ್ಲ. ಟೈರಿನ ಅಂಗಡಿಯವನು ಕೆಲಸ ನಿಲ್ಲಿಸಿ ನನ್ನ ಬರಿಗಾಲನ್ನು ನೋಡಿದ. ನನಗೆ ನಾಚಿಕೆಯಾಯಿತು. ಆದರೆ ಕಾಕಾ ನಗಲಿಲ್ಲ. ಮೆಲ್ಲಗೆ ಎದ್ದು ನಿಂತರು.

"ಹ್ಯಾಂಗ ಅಲ್ಲಾಡ್ತು ಮೇಡಂ? ಎಡಕ್ಕ ಬಲಕ್ಕೋ, ಹಿಂದ ಮುಂದಕ್ಕೋ?"

"ಎಡಕ್ಕ ಬಲಕ್ಕರಿ. ನಿಧಾನ. ಹೋಗಿ ಒಂದೀಟು ನಿಂತು ಬರ್ತಿತ್ತು."

"ನಿಂತು ಬರ್ತಿತ್ತು" ಎಂದು ಅವರು ತಮಗೇ ಹೇಳಿಕೊಂಡರು. "ಬರೋಬರಿ. ಅಕಿ ಹಂಗೇ. ಬ್ಯಾರೆ ಹಡಗು ಲಗೂ ತಿರುಗ್ತಾವ. ಬುಡ್ಡಿ ಮಾತ್ರ ನಿಂತು ಬರಾಕಿ." ಮೇಲಿನ ಮೆಟ್ಟಿಲ ಕಡೆ ನೋಡಿದರು. "ಆಗ ಕೋಲ್ಯಾಗ ಇದ್ರೇನ್ರಿ? ನಮ್ಮದರಾಗೇ?"

ಆಮೇಲೆ ಅವರು ಹೇಳಿದ್ದನ್ನು ಕೇಳಿ ನನ್ನ ಹೆದರಿಕೆ ಹೋಗಿ ಬೇರೆಯದೇ ಸಂಕಟ ಶುರುವಾಯಿತು. ಆ ಕೋಣೆ ಖಾಲಿ ಇದ್ದ ದಿನಗಳಲ್ಲೆಲ್ಲ ಕಾಕಾ ಅದರಲ್ಲೇ ಮಲಗುತ್ತಿದ್ದರಂತೆ. ಲಾಂಡ್ರಿಗೆ ಕಿಟಕಿ ಇರಲಿಲ್ಲ. ಸಮುದ್ರ ಹೇಗಿದೆ ಎಂಬುದು ಅವರಿಗೆ ತಿಳಿಯುತ್ತಿದ್ದದ್ದು ಅಂಗಾಲಿನಿಂದ. ಊರಿಗೆ ಬಂದ ಮೇಲೆ ನಿಂತ ನೆಲದ ಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲ. ಆ ಸಾಮಾನಿನ ಜೊತೆ ಆ ತೂಗಾಟವೂ ಬರಬಹುದು ಎಂದು ಆಸೆಪಟ್ಟು ತಂದರು. ಬರಲಿಲ್ಲ. ಒಂದು ಸಲವೂ ಬರಲಿಲ್ಲ.

"ನಾಳಿ ನಾನೂ ಬಂದು ಕೂಡ್ತೀನ್ರಿ, ನಿಮಗ ತಕಲೀಫ್ ಇಲ್ಲಂದ್ರ" ಅಂದರು. ಆಗಲಿ ಅಂದೆ.

ಮರುದಿನ ಅದೇ ಹೊತ್ತಿಗೆ ಬಾಗಿಲು ತೆರೆದಿಟ್ಟು ಕೂತೆವು. ಕಾಕಾ ಚಪ್ಪಲಿ ಹೊರಗೆ ಬಿಟ್ಟು ಬಂದು, ಮಂಚದ ತುದಿಯಲ್ಲಿ ಅಂಗಾಲನ್ನು ನೆಲಕ್ಕೆ ಒತ್ತಿ ಕೂತರು. ನಾನು ಕುರ್ಚಿಯಲ್ಲಿ. ಬಹಳ ಹೊತ್ತು ಏನೂ ಇಲ್ಲ. ಇದೆಲ್ಲ ನನ್ನ ಭ್ರಮೆ ಎಂದು ಸಮಾಧಾನವಾಗತೊಡಗಿದಾಗಲೇ ಚೀಲ ಗೋಡೆ ಬಿಟ್ಟು ಮುಂದೆ ಬಂತು.

"ಕಾಕಾ, ಶುರುವಾತು."

ಅವರು ಚೀಲ ನೋಡಿದರು, ನನ್ನನ್ನು ನೋಡಿದರು. "ಎಲ್ಲಿ?" ಅಂದರು. "ಚೀಲ ಸುಮ್ಮನದಲ್ರಿ."

ನನ್ನ ಕಣ್ಣೆದುರು ಅದು ತೂಗುತ್ತಿತ್ತು. ಕುರ್ಚಿ ವಾಲಿದ್ದಕ್ಕೆ ನಾನು ಹಿಡಿಕೆ ಹಿಡಿದುಕೊಂಡಿದ್ದೆ. ಅದೇ ನೆಲದ ಮೇಲೆ, ನಾಲ್ಕು ಅಡಿ ದೂರದಲ್ಲಿ, ಕಾಕಾ ಕಂಬದ ಹಾಗೆ ನೆಟ್ಟಗೆ ಕೂತಿದ್ದರು. ಎದ್ದು ಗೋಡೆ ಹಿಡಿದು ಕಿಟಕಿಯ ಹತ್ತಿರ ಹೋಗಿ ಹಿತ್ತಾಳೆಯ ಚೌಕಟ್ಟು ಮುಟ್ಟಿದೆ. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಕಾಕಾ ಬಂದು ಅದೇ ಜಾಗ ಮುಟ್ಟಿ ಸರಕ್ಕನೆ ಕೈ ತೆಗೆದರು. ಅವರ ಬೆರಳಿಗೆ ಅದು ಮೇ ತಿಂಗಳ ಬಿಸಿಲಿಗೆ ಕಾದ ಹಿತ್ತಾಳೆ.

ಅವರು ಮಂಚಕ್ಕೆ ಮರಳಿ ಕಣ್ಣು ಮುಚ್ಚಿಕೊಂಡರು. "ಹೇಳ್ರಿ ಮೇಡಂ. ನಿಮಗ ಕಾಣೋದು ಹೇಳ್ಕೋತ ಹೋಗ್ರಿ. ನೀರು ನೀಲಿ ಅದ ಏನ್ರಿ?"

"ಇಲ್ರಿ. ಸ್ಲೇಟಿನ ಬಣ್ಣ."

"ಹೌದು, ಅಲ್ಲಿ ನೀಲಿ ಇರಂಗಿಲ್ಲ. ಮುಂದ?"

ನಾನು ಹೇಳತೊಡಗಿದೆ. ಈಗ ಈ ಬದಿ ಏಳುತ್ತಿದೆ. ಈಗ ನಿಂತಿದೆ. ಈಗ ಇಳಿಯುತ್ತಿದೆ. ದೂರದಲ್ಲಿ ಒಂದು ಗೆರೆ ಇದೆ, ಅದರ ಮೇಲೆ ಮೋಡ. ನೀರಿನ ಮೇಲೆ ಬಿಳಿ ನೊರೆ ಉದ್ದಕ್ಕೆ ಹರಿದು ಹಿಂದೆ ಹೋಗುತ್ತಿದೆ. ಎಲ್ಲೂ ಒಂದು ಹಕ್ಕಿಯಿಲ್ಲ, ದಂಡೆಯಿಲ್ಲ. ನಾನು ಹುಟ್ಟಿದಾಗಿನಿಂದ ಸಮುದ್ರ ನೋಡಿದವಳಲ್ಲ. ಆಯುಷ್ಯವನ್ನೇ ಅದರ ಮೇಲೆ ಕಳೆದವರಿಗೆ ನಾನು ಅದನ್ನು ಹೇಳುತ್ತಿದ್ದೆ. ಕಾಕಾ ನನ್ನ ಮಾತಿಗೆ ತಕ್ಕ ಹಾಗೆ ಮೈಯನ್ನು ಎಡಕ್ಕೆ, ಬಲಕ್ಕೆ ವಾಲಿಸುತ್ತಿದ್ದರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಅಂಗಿಯ ಕಾಲರು ಒದ್ದೆಯಾಗಿತ್ತು. ಅವ್ವ ಹೋದ ಮೇಲೆ ಅಷ್ಟು ಹೊತ್ತು ನಾನು ಯಾರೊಂದಿಗೂ ಮಾತಾಡಿರಲಿಲ್ಲ. ನನ್ನ ಮಾತಿಗೆ ಅಷ್ಟು ಆಸೆಯಿಂದ ಯಾರೂ ಕಿವಿಗೊಟ್ಟಿರಲಿಲ್ಲ ಕೂಡ.

ನಿಧಾನಕ್ಕೆ ಎಲ್ಲ ನಿಂತಿತು. ಕಿಟಕಿಯಾಚೆ ಗೋದಾಮಿನ ಗೋಡೆ ಬಂತು. "ನಿಂತಿತ್ರಿ ಕಾಕಾ" ಅಂದೆ. ಅವರು ಕಣ್ಣು ತೆರೆಯದೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕೈಮುಗಿದು, ಕೆಳಗೆ ಹೋದರು.

ಬಸವಕಲ್ಯಾಣಕ್ಕೆ ಮರಳಿದ ಮೇಲೆ ಡಾಕ್ಟರಿಗೆ ತೋರಿಸಿದೆ. ಕಿವಿ, ರಕ್ತದೊತ್ತಡ, ಎಲ್ಲ ಸರಿಯಿದೆ ಅಂದರು. ಭೂಕಂಪದ ಸುದ್ದಿ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಕಾಕಾ ಹೇಳಿದ ಕತೆಗಳೇ ನನ್ನ ತಲೆಯೊಳಗೆ ಹೊಕ್ಕು ಹಾಗೆ ಕಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿಂತು ಬರುವ ಅದರ ನಡಿಗೆಯನ್ನು ಅವರು ಅದಕ್ಕೂ ಮೊದಲು ನನಗೆ ಹೇಳಿರಲಿಲ್ಲ. ಅಲ್ಲಿಗೆ ಬಂದು ನನ್ನ ಎಲ್ಲ ವಿವರಣೆಯೂ ನಿಂತುಬಿಡುತ್ತದೆ.

ಆಮೇಲೂ ಕೆಲವು ಸಲ ಹುಮನಾಬಾದಿಗೆ ಹೋದೆ, ಆ ಕೋಣೆಯಲ್ಲಿ ಕಾಕಾನ ಜೊತೆ ಕೂತೆ. ನನಗೂ ಮತ್ತೆ ಏನೂ ಆಗಲಿಲ್ಲ. ಇಬ್ಬರೂ ಚಹಾ ಕುಡಿದು ಏಳುತ್ತಿದ್ದೆವು. ಅದರಲ್ಲಿ ಒಂದು ಬಗೆಯ ನೆಮ್ಮದಿ ಇತ್ತು ಎಂದೇ ಹೇಳಬೇಕು. ನನ್ನ ಹಾಗೆ ಅವರಿಗೂ, ಅವರ ಹಾಗೆ ನನಗೂ, ಬರೀ ಗೋದಾಮಿನ ಗೋಡೆ.

ಈಚೆಗೆ ಹೋದಾಗ ಕಾಕಾ ಗಲ್ಲೆಯ ಹಿಂದೆ ಮಂಕಾಗಿ ಕೂತಿದ್ದರು. ಹಿಂದಿನ ವಾರ ಸೋಲಾಪುರದ ಕಡೆಯಿಂದ ಬಂದ ಗಂಡ ಹೆಂಡತಿಗೆ ಆ ಕೋಣೆ ಕೊಟ್ಟಿದ್ದರಂತೆ. ಕೋಣೆಯ ಕತೆ ಅವರಿಗೆ ಹೇಳಿರಲಿಲ್ಲ. ಹೊರಡುವಾಗ ಆ ಹೆಣ್ಣುಮಗಳು, ನಿಮ್ಮ ಕಟ್ಟಡದ ಪಾಯ ಜರಾ ನೋಡಿಸಿರಿ, ಮಧ್ಯಾಹ್ನ ಮಂಚ ತೊಟ್ಟಿಲಿನ ಹಾಗೆ ತೂಗುತ್ತಿತ್ತು, ನನ್ನ ಕೂಸು ಚೆನ್ನಾಗಿ ಮಲಗಿತು ಅಂದಳಂತೆ.

"ಒಂದು ಕೂಸಿಗೂ ಬಂದಾಳ್ರಿ ಬುಡ್ಡಿ" ಅಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಾ ಅಕಿಗೆ ಏನ್ ಮಾಡೀನ್ರಿ ಮೇಡಂ?"

ಗಲ್ಲೆಯ ಮೇಲಿದ್ದ ಅವರ ಕೈಯ ಮೇಲೆ ಕೈಯಿಟ್ಟು ಕೂತೆ.