ಅಳತೆಗೆಂದು ಒಯ್ದ ಸೀರೆ

ಅಮ್ಮ ಹೋದ ಮೇಲೆ ಅವಳ ಒಂದು ನೂಲಿನ ಸೀರೆಯನ್ನು ಮಾತ್ರ ಒಗೆಯದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟಿದ್ದೆ. ಅದರಲ್ಲಿ ಅವಳ ವಾಸನೆಯಿತ್ತು. ತೀರಾ ತಡೆಯಲಾಗದ ದಿನ ಮಾತ್ರ ಕವರು ಬಿಚ್ಚುತ್ತಿದ್ದೆ. ಪದೇ ಪದೇ ಬಿಚ್ಚಿದರೆ ಮುಗಿದುಹೋದೀತೆಂಬ ಭಯ.

ಪುಟ್ಟ ಮಕ್ಕಳ ಕೋಣೆಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಕಳೆದ ವರ್ಷ ಸರ್ಜಾಪುರದ ಹತ್ತಿರ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಕಡೆ, ಕೂಲಿಯವರ ಮಕ್ಕಳನ್ನು ಹಗಲು ನೋಡಿಕೊಳ್ಳಲು ಒಂದು ಕೋಣೆ ಮಾಡಿಕೊಟ್ಟೆ. ತಗಡಿನ ಸೂರು, ಮಕ್ಕಳ ಎತ್ತರಕ್ಕೆ ಕಿಟಕಿ, ತೆವಳುವ ಕೂಸುಗಳಿಗೆ ನುಣುಪಾದ ಕೆಂಪು ನೆಲ. ಎಲ್ಲಕ್ಕೂ ಹೂಂ ಅಂದ ಸೈಟ್ ಎಂಜಿನಿಯರ್, ಜೋಲಿ ಕಟ್ಟುವ ಕೊಕ್ಕೆಗಳಿಗೆ ಮಾತ್ರ ಮುಖ ಸಿಂಡರಿಸಿದರು.

“ಸೀರೆ ನೇತಾಕಿದ್ರೆ ನೋಡೋಕೆ ಚೆನ್ನಾಗಿರಲ್ಲ ಮೇಡಂ. ಮಂಚ ಹಾಕ್ಸೋಣ.”

“ನೋಡೋಕೆ ಬರೋರು ಇಲ್ಲಿ ಮಲಗಲ್ಲ ಸಾರ್,” ಅಂದೆ. ನನ್ನ ನಾಲಿಗೆ ಸ್ವಲ್ಪ ಉದ್ದವೇ. ಕೊಕ್ಕೆಗಳು ಉಳಿದವು.

ಪೀಣ್ಯದ ನಮ್ಮ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅಮ್ಮ ಉಟ್ಟು ಮೆತ್ತಗಾದ ಸೀರೆಯಲ್ಲೇ ಜೋಲಿ ಕಟ್ಟುತ್ತಿದ್ದಳು. ತಾನು ಗಾರ್ಮೆಂಟ್ಸಿಗೆ ಹೋದಾಗ ಆ ವಾಸನೆಗೇ ಕೂಸು ಸುಮ್ಮನಿರಲಿ ಎಂದು. ತಮ್ಮನನ್ನು ಅಜ್ಜಿ ಎತ್ತಿಕೊಂಡರೆ ಸಾಕು, ನಾನು ಹತ್ತಿ ಮಲಗಿಬಿಡುತ್ತಿದ್ದೆ. ಶಾಲೆಗೆ ಹೋಗುವ ವಯಸ್ಸಾಗಿತ್ತು, ನಾಚಿಕೆಯಿರಲಿಲ್ಲ.

ಕೋಣೆ ತೆರೆದ ದಿನ, ಜೋಲಿಯ ತಳ ನೆಲದಿಂದ ಎಷ್ಟು ಮೇಲೆ ನಿಲ್ಲುತ್ತದೆಂದು ನೋಡಲು ಅಮ್ಮನ ಸೀರೆಯನ್ನೇ ಒಯ್ದೆ. ನನ್ನವೆಲ್ಲ ಗಂಟು ನಿಲ್ಲದ ಜಾರು ಸೀರೆಗಳು. ಅಳತೆ ನೋಡಿ ತಕ್ಷಣ ಬಿಚ್ಚಿಬಿಡುವುದು ಅಂದುಕೊಂಡಿದ್ದೆ.

ಕಟ್ಟಿದ್ದೇ ತಡ, ಫೋನ್ ಬಂತೆಂದು ಹೊರಗೆ ಹೋದೆ. ಅಷ್ಟರಲ್ಲಿ ರಾಯಚೂರು ಕಡೆಯ ತಾಯಿಯೊಬ್ಬಳು ಅಳುವ ಕೂಸನ್ನು ಆಯಾ ಕೈಗಿಟ್ಟು ಕೆಲಸಕ್ಕೆ ಓಡಿದ್ದಳು. ಜೋಲಿಗೆ ತನ್ನ ಸೀರೆ ತರಲು ಮರೆತಿದ್ದಳು. ನಾನು ಒಳಗೆ ಬಂದರೆ ಆಯಾ ಕೂಸನ್ನು ಅಮ್ಮನ ಸೀರೆಯಲ್ಲಿ ಹಾಕಿ ತೂಗುತ್ತಿದ್ದಳು. ಎತ್ತಿಕೊಳ್ಳಿ ಅನ್ನಬೇಕೆಂದುಕೊಂಡೆ. ಕೂಸು ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಆಗಲೇ ನಿದ್ದೆ ಹೋಗಿತ್ತು.

ಸಂಜೆ ತಾಯಿ ಬಂದಳು. ಸೀರೆಯೆಲ್ಲ ಹಾಲು, ಉಚ್ಚೆ.

“ಯಕ್ಕಾ, ಯಾರದ್ರೀ ಈ ಸೀರಿ? ಒಗದು ತಂದು ಕೊಡ್ತೀನ್ರಿ.”

“ನಮ್ಮಮ್ಮಂದು. ಇಲ್ಲೇ ಇರ್ಲಿ ಬಿಡಮ್ಮ,” ಅಂದೆ.

ದಾರಿಯುದ್ದಕ್ಕೂ ಸಿಟ್ಟು. ಆಯಾ ಮೇಲೆ, ಆ ಕೂಸಿನ ಮೇಲೆ, ಕೊಕ್ಕೆಗಾಗಿ ಜಗಳವಾಡಿದ ನನ್ನ ಮೇಲೆ. ನನಗೆ ಅಮ್ಮ ಬೇಕಾಗಿತ್ತು, ಅಷ್ಟೇ. ಮನೆಗೆ ಬಂದವಳೇ ಬೀರು ತೆಗೆದು ಖಾಲಿ ಕವರಿನೊಳಗೆ ಮೂಗಿಟ್ಟೆ. ಇನ್ನೂ ಸ್ವಲ್ಪ ಇತ್ತು.